ಅರ್ಜಿಯ ಒಂಬತ್ತನೇ ಸಾಲು

ಶಿಡ್ಲಘಟ್ಟದಿಂದ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಇವರೂ ಮೂವರು ಗೆಳತಿಯರೂ ಕಾಲೇಜು ಬಿಟ್ಟ ಮೇಲೆ ರೇಷ್ಮೆ ನೂಲು ಬಿಚ್ಚುವ ಮನೆಗಳಿಗೆ ಹೋಗಿ, ಅಲ್ಲಿ ದುಡಿಯುವ ಹೆಂಗಸರಿಗೆ ಪಿಂಚಣಿ, ಪಡಿತರ, ಸಾಲದ ಕಾಗದಪತ್ರಗಳಲ್ಲಿ ನೆರವಾಗುತ್ತಾರೆ. ಕಿರುಸಾಲದ ಕಂತು ಕಟ್ಟಲಾಗದ ಒಬ್ಬ ಅಕ್ಕನ ಮನೆ ಮುಂದೆ ರಾತ್ರಿ ಒಂಬತ್ತಕ್ಕೆ ವಸೂಲಿಯವರು ಕುಳಿತಿದ್ದನ್ನು ಇವರು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಒಂದು ಕಚೇರಿಗೆ ಎರಡು ಪುಟದ ಅರ್ಜಿಯನ್ನೂ ಕೊಟ್ಟರು. ಈಗ ಆ ಅಕ್ಕ ಇವರಿಗೆ ಬಾಗಿಲು ತೆರೆಯುತ್ತಿಲ್ಲ. ‘ಹೆಣ್ಣಿಗೆ ಹೆಣ್ಣೇ ಆಸರೆ ಎಂದು ಹೊರಟೆವು. ನಮ್ಮದು ತಪ್ಪೇ? ನಿಲ್ಲಿಸಿಬಿಡೋಣವೇ?’ ಎಂದು ಕೇಳಿದ್ದಾರೆ. ಅರ್ಜಿಯ ನಕಲನ್ನೂ ಲಗತ್ತಿಸಿದ್ದಾರೆ.

ಸಂಪಾದಕರ ಉತ್ತರ:

ನಿಲ್ಲಿಸಬೇಡಿ. ಆದರೆ ವಿಡಿಯೊ ಹಾಕಿದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಅರ್ಜಿ. ಬೇರೆಯವರ ಬರಹ ತಿದ್ದಿಯೇ ತಲೆ ನರೆತವಳು ನಾನು. ಕಾಗದ ಕೈಗೆ ಬಂದರೆ ಪೆನ್ನಿನ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ.

ನಿಮ್ಮ ಅರ್ಜಿ ‘ಅನಾದಿ ಕಾಲದಿಂದಲೂ ಸ್ತ್ರೀಯು ಶೋಷಣೆಗೆ ಒಳಗಾಗುತ್ತಾ ಬಂದಿದ್ದು’ ಎಂದು ಶುರುವಾಗುತ್ತದೆ. ಆ ಅಕ್ಕ ಅದರಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದು ಒಂಬತ್ತನೇ ಸಾಲಿನಲ್ಲಿ, ಅದೂ ‘ಸದರಿ ಮಹಿಳೆ’ಯಾಗಿ. ಸಾಲ ಎಷ್ಟು, ಕಂತು ಯಾವ ವಾರದಿಂದ ನಿಂತಿತು, ಬಂದವರು ಎಷ್ಟು ಮಂದಿ, ಎಷ್ಟು ಹೊತ್ತಿಗೆ ಬಂದರು, ಏನು ಅಂದರು, ಒಂದೂ ಇಲ್ಲ. ಅಧಿಕಾರಿಯಾದರೂ ಇದನ್ನು ಓದಿ ಏನು ಮಾಡಬೇಕು? ಅನಾದಿ ಕಾಲದ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿಲ್ಲ.

ಅಚ್ಚರಿಯೆಂದರೆ, ನನಗೆ ಬರೆದ ಪತ್ರದ ಮೂರನೇ ಪುಟದಲ್ಲಿ ಆ ಅಕ್ಕ ಉರ್ದುವಿನಲ್ಲಿ ಹೇಳಿದ್ದನ್ನು ನೀವು ಹಾಗೆಯೇ ಕನ್ನಡಕ್ಕೆ ಇಳಿಸಿದ್ದೀರಿ: ‘ದುಡ್ಡು ಕೊಡುವುದಿಲ್ಲ ಎಂದು ನಾನು ಹೇಳಲಿಲ್ಲ. ರಾತ್ರಿ ಹೊತ್ತು ಬಾಗಿಲಲ್ಲಿ ಕೂರಬೇಡಿ ಅಂದೆ.’ ಅರ್ಜಿ ಎಂದರೆ ಇದು. ಮಿಕ್ಕ ಎರಡು ಪುಟವನ್ನು ನಾನು ಹೊಡೆದುಹಾಕಿದ್ದೇನೆ.

ಆ ಎರಡು ವಾಕ್ಯಗಳ ಹಿಂದೆ ನಿಯಮವೂ ನಿಂತಿದೆ. ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡಿ ಪೀಡಿಸುವಂತಿಲ್ಲ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಅಲ್ಲಿಗೆ ಸತತವಾಗಿ ಎರಡು ಸಲವಾದರೂ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬೆದರಿಕೆಯ ಮಾತು, ಬಂಧುಬಳಗವನ್ನು ಕಾಡುವುದು ನಿಷಿದ್ಧ. ಸಾಲಗಾರರ ಹೆಸರನ್ನು ಬಹಿರಂಗಪಡಿಸುವುದೂ ನಿಷಿದ್ಧ.

ಕೊನೆಯದನ್ನು ಇನ್ನೊಮ್ಮೆ ಓದಿಕೊಳ್ಳಿ. ಯಾವುದನ್ನು ಮಾಡಬಾರದೆಂದು ವಸೂಲಿಯವರ ಕೈ ಕಟ್ಟಿದ್ದಾರೋ ಅದನ್ನು ನೀವು ಉಪಕಾರವೆಂದು ಮಾಡಿದಿರಿ. ಮುಖ ಮಸುಕು ಮಾಡಿದ್ದೆವು ಎನ್ನುತ್ತೀರಿ. ಬಾಗಿಲಿನ ಹಸಿರು ಬಣ್ಣವನ್ನು, ಪಕ್ಕದ ನೀರಿನ ಡ್ರಮ್ಮನ್ನು ಮಸುಕು ಮಾಡಿರಲಿಲ್ಲವಲ್ಲ? ಊರಿಗೆ ಅಷ್ಟು ಸಾಕು. ಸಾಲ ಇರುವುದು ಅವಮಾನವಲ್ಲ ಎಂದು ನೀವೂ ನಾನೂ ವಾದಿಸಬಹುದು. ಮಗಳಿಗೆ ಗಂಡು ನೋಡುತ್ತಿರುವ ತಾಯಿಯ ಮುಂದೆ ಆ ವಾದ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀರಿ. ಬಾಗಿಲಲ್ಲಿ ಕುಳಿತಿದ್ದ ಐವರಲ್ಲಿ ನಾಲ್ವರು ಅದೇ ಬೀದಿಯ ಹೆಂಗಸರು, ಅವಳ ಗುಂಪಿನವರೇ. ‘ಏಜೆಂಟನ ಕಡೆಯವರು’ ಎಂದು ಬರೆದಿದ್ದೀರಿ. ಗುಂಪು ಸಾಲದ ಒಳಗುಟ್ಟೇ ಅದು: ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು. ಹಾಗಾಗಿ ಏಜೆಂಟ್ ಬೈಕಿನ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದರೂ ಸಾಕು, ಬೈಯುವ ಕೆಲಸವನ್ನು ನೆರೆಯವರು ಮಾಡುತ್ತಾರೆ. ಆ ನಾಲ್ವರಿಗೂ ಮಾರನೆಯ ಬೆಳಿಗ್ಗೆ ರೇಷ್ಮೆಗೂಡಿನ ಬಿಸಿನೀರಿನ ಬೇಸಿನ್ನಿಗೆ ಕೈ ಹಾಕಲೇಬೇಕು. ಹೆಣ್ಣಿಗೆ ಹೆಣ್ಣು ಆಸರೆ ಎಂದು ಹೊರಟವರು ಅವರನ್ನು ಮಾತನಾಡಿಸದೆ ಬಂದದ್ದು ನನಗೆ ವಿಡಿಯೊಗಿಂತ ದೊಡ್ಡ ಲೋಪವಾಗಿ ಕಾಣುತ್ತದೆ. ಐವರ ಸಹಿಯಿರುವ ಒಂದೇ ದೂರು ಕೊಟ್ಟರೆ ಏಜೆಂಟನ ಅರ್ಧ ಬಲ ಅಲ್ಲೇ ಇಳಿಯುತ್ತದೆ.

ದೂರಿನ ದಾರಿ ಹೇಳಿಬಿಡುತ್ತೇನೆ. ಸಾಲ ಕೊಟ್ಟ ಸಂಸ್ಥೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೇ ಎಂದು ಮೊದಲು ನೋಡಿ. ಹೌದಾದರೆ ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ನೋಂದಣಿಯಿಲ್ಲದ ಲೇವಾದೇವಿಯಾದರೆ 2025ರಲ್ಲಿ ಬಂದ ರಾಜ್ಯದ ಕಿರುಸಾಲ ಕಾನೂನು ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ವಕೀಲರು ಬೇಕಾದರೆ ನಿಮ್ಮ ಜೇಬು ತಡಕಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಎಲ್ಲಿ ಏನು ಕೊಟ್ಟರೂ ಸ್ವೀಕೃತಿ ಪಡೆಯದೆ ಹೊರಬರಬೇಡಿ. ನಿಮ್ಮ ನಕಲಿನಲ್ಲಿ ಮುದ್ರೆಯೂ ಇಲ್ಲ, ತಾರೀಖೂ ಇಲ್ಲ. ನಾಳೆ ‘ಅಂಥ ಅರ್ಜಿಯೇ ಬಂದಿಲ್ಲ’ ಎಂದರೆ ತೋರಿಸಲು ಏನಿದೆ?

ನೂಲು ಬಿಚ್ಚುವ ಒಂದು ಮನೆಯಲ್ಲಿ ದುಡಿಯುವ ಹುಡುಗಿಯೊಬ್ಬಳ ಜೊತೆ ಮಾಲೀಕನ ವರ್ತನೆ ಸರಿಯಿಲ್ಲ ಎಂದೂ ಬರೆದಿದ್ದೀರಿ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗವಾದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಮೂರು ತಿಂಗಳೊಳಗೆ. ಆ ಹುಡುಗಿ ತಾನೇ ಕೊಡಲಾಗದಿದ್ದರೆ ವಿಷಯ ಗೊತ್ತಿರುವವರು ಅವಳ ಪರವಾಗಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ಅವಳ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಬರುವ ತನಕ ನಿಮ್ಮ ಗೆಳತಿಯರ ಗುಂಪಿನಲ್ಲೂ ಅವಳ ಹೆಸರು ಬೇಡ.

ನಿಮ್ಮನ್ನು ಇಷ್ಟು ತಿದ್ದುವ ಯೋಗ್ಯತೆ ನನಗಿದೆಯೇ ಎಂದರೆ, ನಾನೂ ಒಬ್ಬಳಿಗೆ ಬಾಗಿಲು ಮುಚ್ಚಿದವಳು. ಸಾಕ್ಷರತಾ ಆಂದೋಲನದ ದಿನಗಳಲ್ಲಿ, ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದಾಗ, ಗೌರಿಬಿದನೂರು ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಲಾಂದ್ರದ ಬೆಳಕಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಮಾತು ತೆಲುಗಿನ ಒಬ್ಬ ಹೆಂಗಸು ಸೆರಗಿನ ಗಂಟಿನಿಂದ ಪಡಿತರ ಚೀಟಿ ತೆಗೆದು, ನನ್ನ ಹೆಸರು ಸರಿಯಾಗಿದೆಯೇ ನೋಡು ಎಂದಳು. ಮೊದಲು ಅ, ಆ ಕಲಿಯಿರಿ, ನೀವೇ ಓದಿಕೊಳ್ಳುವಿರಂತೆ ಎಂದೆ. ದೊಡ್ಡ ಮಾತು ಆಡಿದೆನೆಂಬ ಹೆಮ್ಮೆಯೂ ಇತ್ತು. ಅವಳು ಚೀಟಿ ಮಡಚಿ ಮತ್ತೆ ಗಂಟು ಹಾಕಿಕೊಂಡಳು. ಮಾರನೆಯ ದಿನದಿಂದ ಬರಲಿಲ್ಲ.

ಆ ಅಕ್ಕನ ಮನೆಗೆ ಇನ್ನೊಮ್ಮೆ ಹೋಗಿ. ನಾಲ್ವರೂ ಬೇಡ, ಉರ್ದು ಬಲ್ಲ ಗೆಳತಿ ಒಬ್ಬಳೇ ಸಾಕು. ಮೊಬೈಲ್ ಮನೆಯಲ್ಲಿರಲಿ. ತಪ್ಪಾಯಿತು ಎಂದು ಹೇಳಲಿ. ಬಾಗಿಲು ತೆರೆಯದಿದ್ದರೆ ಬಾಗಿಲಲ್ಲಿ ಕೂರದೆ ಬರಲಿ. ತೆರೆದರೆ ಸಾಲದ ಮಾತು ಅವಳೇ ಎತ್ತುವ ತನಕ ಕಾಯಲಿ. ಬಿಸಿನೀರಿನಲ್ಲಿ ಬೆರಳು ಸವೆದು ಪಡಿತರ ಅಂಗಡಿಯ ಯಂತ್ರ ಹೆಬ್ಬೆರಳನ್ನು ಗುರುತಿಸುತ್ತಿಲ್ಲ ಎಂದು ಅವಳು ಹೇಳಿದ್ದನ್ನು ನೀವೇ ಪತ್ರದ ಅಂಚಿನಲ್ಲಿ ಗೀಚಿದ್ದೀರಿ. ಅವಳು ನಿಮ್ಮನ್ನು ಕೇಳಿದ್ದ ಕೆಲಸ ಅದೊಂದೇ ಅಲ್ಲವೇ? ಆಧಾರ್ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ ಬೆರಳಚ್ಚನ್ನು ಹೊಸದಾಗಿ ದಾಖಲಿಸಬಹುದು. ಅದೂ ಆಗದಿದ್ದರೆ ಕಣ್ಣಿನ ಗುರುತು ಇದೆ. ಅಲ್ಲಿಂದ ಶುರು ಮಾಡಿ.

ತಿದ್ದಿದ ಅರ್ಜಿಯನ್ನು ಇಂದೇ ಅಂಚೆಗೆ ಹಾಕಿದ್ದೇನೆ. ಆರು ಸಾಲು ಉಳಿದಿದೆ. ಮೊತ್ತ, ತಾರೀಖು, ಸಮಯದ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ಅವಳಿಂದ ಕೇಳಿ ತುಂಬಿ, ತುಂಬಿದ ಮೇಲೆ ಉರ್ದುವಿನಲ್ಲಿ ಅವಳಿಗೆ ಓದಿ ಹೇಳಿ. ಬೇಡ ಎಂದರೆ ಹರಿದುಹಾಕಿ, ನನಗೆ ಬೇಸರವಿಲ್ಲ.