ಅಕ್ಕನ ಹತ್ರ ಕೇಳಿ: ನನಗೆ ನಾನೇ ಗಾಯ ಮಾಡಿಕೊಳ್ಳುತ್ತೇನೆ, ಬಿಡೋದು ಹೇಗೆ?

ಪ್ರಶ್ನೆ: ಅಕ್ಕಾ, ನನಗೆ 19 ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೇನೆ. ಸೆಕೆಂಡ್ ಪಿಯುಸಿಯಿಂದ, ತುಂಬಾ ಬೇಜಾರಾದಾಗ ನನಗೆ ನಾನೇ ಗಾಯ ಮಾಡಿಕೊಳ್ಳುತ್ತೇನೆ. ಸಾಯಬೇಕು ಅಂತ ಅಲ್ಲ. ಸ್ವಲ್ಪ ಹೊತ್ತು ಆರಾಮ ಅನಿಸುತ್ತದೆ, ಆಮೇಲೆ ನನ್ನ ಮೇಲೆ ನನಗೇ ಅಸಹ್ಯ. ಅಪ್ಪನಿಗೆ ತೋಟಕ್ಕೆ ಬಂದ ಎಲೆಚುಕ್ಕಿ ರೋಗದ ಚಿಂತೆ, ಸೊಸೈಟಿ ಸಾಲದ ಚಿಂತೆ, ಅವರಿಗೆ ಹೇಳೋಕಾಗಲ್ಲ. ರೂಮ್‌ಮೇಟ್‌ಗೆ ಗೊತ್ತಾಗಿ ಅತ್ತುಬಿಟ್ಟಳು, ಇನ್ನು ಮಾಡಲ್ಲ ಅಂತ ಆಣೆ ಹಾಕಿಸಿಕೊಂಡಳು. ವಾರದೊಳಗೆ ಮುರಿದೆ. ಯಾರಿಗೂ ತೊಂದರೆ ಕೊಡುತ್ತಿಲ್ಲ, ನನ್ನ ಮೈ ತಾನೇ, ಇದರಲ್ಲಿ ತಪ್ಪೇನು ಅಂತಲೂ ಅನಿಸುತ್ತದೆ. ಭಾನುವಾರ ಗೋಪಾಳದಲ್ಲಿರುವ ಚಿಕ್ಕಿ ಮನೆಗೆ ಹೋಗುತ್ತೇನೆ, ಅವರಿಗೂ ಹೇಳಿಲ್ಲ. ಡಾಕ್ಟರ ಹತ್ತಿರ ಹೋದರೆ ಪೊಲೀಸರಿಗೆ, ಮನೆಗೆ ಹೇಳಿಬಿಡುತ್ತಾರಾ?
(ಹೆಸರು ಬೇಡ)

ಉತ್ತರ: ತಂಗಿ, ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದನ್ನು ಬರೆದು ಕಳಿಸಿದೆಯಲ್ಲ, ಅದು ಸಣ್ಣ ಧೈರ್ಯವಲ್ಲ. ಮೊದಲು ಆ ಆಣೆಯ ವಿಷಯ ಮಾತಾಡೋಣ, ಯಾಕೆಂದರೆ ನಿನ್ನ ಪತ್ರದಲ್ಲಿ ನನಗೆ ಹೆಚ್ಚು ಕಾಡಿದ್ದು ಅದೇ.

ನಮ್ಮ ಕಡೆ ಎಲ್ಲದಕ್ಕೂ ಆಣೆ. ಅಮ್ಮನಾಣೆ, ದೇವರಾಣೆ, ಧರ್ಮಸ್ಥಳದ ಮಂಜುನಾಥನಾಣೆ. ಹಾಕಿಸುವವರು ಪ್ರೀತಿಯಿಂದಲೇ ಹಾಕಿಸುತ್ತಾರೆ, ನಿನ್ನ ಗೆಳತಿಯೂ ಹೆದರಿಯೇ ಹಾಗೆ ಮಾಡಿದ್ದಾಳೆ. ಆದರೆ ಒಳಗಿನ ಸಂಕಟ ಹಾಗೇ ಇದ್ದು, ಅದನ್ನು ಇಳಿಸಿಕೊಳ್ಳೋಕೆ ಬೇರೆ ದಾರಿಯೇ ಗೊತ್ತಿಲ್ಲದಿದ್ದರೆ ಆಣೆ ಎಷ್ಟು ದಿನ ನಿಲ್ಲುತ್ತದೆ? ಮುರಿದ ದಿನ ಹಳೇ ಬೇಜಾರಿನ ಜೊತೆಗೆ ಕೊಟ್ಟ ಮಾತಿಗೆ ತಪ್ಪಿದೆ ಅನ್ನೋ ನಾಚಿಕೆಯೂ ಸೇರಿಕೊಳ್ಳುತ್ತದೆ, ಮುಂದಿನ ಸಲ ಅವಳಿಂದಲೂ ಮುಚ್ಚಿಡುತ್ತೀಯ. ಅದಕ್ಕೇ ಇನ್ನು ಆಣೆ ಬೇಡ. ಅವಳಿಗೆ ಹೀಗೆ ಹೇಳು: 'ನಂಗೆ ಹಾಗೆ ಅನಿಸಿದಾಗ ನಿನ್ನ ಕರೀತೀನಿ, ನೀನು ಬಂದು ಪಕ್ಕದಲ್ಲಿ ಕೂತ್ಕೋ, ಬುದ್ಧಿ ಹೇಳ್ಬೇಡ.' ಅವಳ ಕೈಲಿ ಆಗೋದು ಇದು.

ಈಗ ತಪ್ಪೇನು ಅನ್ನೋ ಪ್ರಶ್ನೆ. ನೀನು ಕೆಟ್ಟವಳು ಅನ್ನೋ ಅರ್ಥದಲ್ಲಿ ತಪ್ಪು ಖಂಡಿತ ಅಲ್ಲ. ಆರಾಮ ಅನಿಸುತ್ತದೆ ಅಂದೆ, ಅದನ್ನೂ ನಂಬುತ್ತೇನೆ. ಅಪಾಯ ಇರೋದು ಆ ಆರಾಮದಲ್ಲೇ. ಬೇಜಾರಾದಾಗ ಇದೊಂದೇ ದಾರಿ ಅಂತ ಮೆದುಳು ಕಲಿತುಬಿಡುತ್ತದೆ, ಅಳೋದು, ಮಾತಾಡೋದು, ಜಗಳ ಆಡಿ ಸರಿ ಮಾಡಿಕೊಳ್ಳೋದು ಎಲ್ಲ ಒಂದೊಂದಾಗಿ ಮರೆತು ಹೋಗುತ್ತದೆ. ದಿನ ಕಳೆದ ಹಾಗೆ ಅಷ್ಟೇ ನೋವಿಗೆ ಅಷ್ಟೇ ಆರಾಮ ಸಿಗಲ್ಲ, ಆಗ ಜಾಸ್ತಿ ಬೇಕಾಗುತ್ತದೆ, ಅಂದುಕೊಂಡದ್ದಕ್ಕಿಂತ ದೊಡ್ಡ ಗಾಯ ಆಗೋದು ಹೀಗೆ. ನರಕ್ಕೆ ಪೆಟ್ಟಾದರೆ ಸ್ಪರ್ಶವೇ ಹೋಗಬಹುದು. ಮುಚ್ಚಿಟ್ಟ ಗಾಯ ನಮ್ಮ ಮಳೆಗಾಲದ ಥಂಡಿಯಲ್ಲಿ ಬೇಗ ಒಣಗದೆ ಕೀವಾಗಬಹುದು. ಈಗ ಏನಾದರೂ ಗಾಯ ಇದ್ದರೆ ಶುದ್ಧ ನೀರಲ್ಲಿ ತೊಳೆದು ತೋರಿಸಿಕೊಂಡು ಬಾ. ಇನ್ನೊಂದು ಮಾತು, ಹೆದರಿಸೋಕೆ ಹೇಳುತ್ತಿಲ್ಲ. ಸಾಯೋ ಯೋಚನೆ ಇಲ್ಲದೆ ಶುರು ಮಾಡಿದವರಲ್ಲೂ ಇದು ಮುಂದುವರಿದರೆ ಜೀವಕ್ಕೆ ಅಪಾಯ ಹೆಚ್ಚುತ್ತದೆ. ಅದಕ್ಕೇ ಇದನ್ನು ಸುಮ್ನೆ ಬಿಡೋ ಹಾಗಿಲ್ಲ.

ಇಷ್ಟೆಲ್ಲ ಆದರೂ ಮೂಲ ಸಂಕಟ ಇದ್ದಲ್ಲೇ ಇರುತ್ತದೆ. ಅಪ್ಪನ ತೋಟ, ಸಾಲ ಎಲ್ಲ ಬರೆದೆ. ಸೆಕೆಂಡ್ ಪಿಯುಸಿಯಲ್ಲಿ ಏನಾಯಿತು ಅಂತ ಬರೆಯಲಿಲ್ಲ. ನನಗೆ ಹೇಳಲೇಬೇಕು ಅಂತಿಲ್ಲ. ಎದುರಿಗೆ ಕೂತು ಕೇಳುವ ಒಬ್ಬರಿಗಾದರೂ ಹೇಳು. ಆ ಒಬ್ಬರು ಚಿಕ್ಕಿ ಆಗಬಹುದಾ? ಪ್ರತಿ ಭಾನುವಾರ ಅಲ್ಲಿಗೇ ಹೋಗುತ್ತೀಯ ಅಂದರೆ ಅಲ್ಲಿ ನಿನಗೆ ಏನೋ ಒಂದು ನೆಮ್ಮದಿ ಇದೆ ಅಲ್ವಾ? ಬಾಯಿ ಬರದಿದ್ದರೆ ಫೋನಲ್ಲಿ ಬರೆದಿಟ್ಟುಕೊಂಡು ಹೋಗಿ ಕೈಗೆ ಕೊಡು: 'ಚಿಕ್ಕಿ, ತುಂಬಾ ಬೇಜಾರಾದಾಗ ನಂಗೆ ನಾನೇ ಗಾಯ ಮಾಡ್ಕೊಳ್ತಾ ಇದೀನಿ. ಬಿಡಬೇಕು ಅಂತಿದೆ, ಆಗ್ತಿಲ್ಲ. ಬೈಬೇಡ. ಡಾಕ್ಟರ ಹತ್ರ ನನ್ ಜೊತೆ ಬಾ.' ಇಷ್ಟೇ ಸಾಕು. ಯಾಕೆ, ಏನು ಅಂತ ಅವತ್ತೇ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿಗೆ ಹೋಗೋದು? ನೀನು ಶಿವಮೊಗ್ಗದಲ್ಲೇ ಇದ್ದೀಯ, ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ವಿಭಾಗದ ಹೆಸರು ಹೇಳಿದರೆ ಆಯ್ತು, ಹಿಂದೆ ಕ್ಯೂನಲ್ಲಿ ನಿಂತವರ ಎದುರು ಕಾರಣ ಹೇಳಬೇಕಿಲ್ಲ. ಒಳಗೆ ಡಾಕ್ಟರು ಯಾವಾಗಿಂದ ಹೀಗೆ, ನಿದ್ದೆ ಊಟ ಹೇಗಿದೆ, ಸಾಯೋ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳುತ್ತಾರೆ. ನೇರವಾಗಿಯೇ ಹೇಳು. ಎಲ್ಲರಿಗೂ ಮಾತ್ರೆ ಕೊಡಲ್ಲ, ಮಾತಿನ ಚಿಕಿತ್ಸೆಯೇ ಇದಕ್ಕೆ ಮುಖ್ಯ. ರಜೆಗೆ ಊರಿಗೆ ಹೋದಾಗಲೂ ದಾರಿ ಇದೆ: ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸು.

ಇದಕ್ಕಾಗಿಯೇ ಬೆಳೆದು ಬಂದ ಒಂದು ಮಾತಿನ ಚಿಕಿತ್ಸೆ ಇದೆ, ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅಂತ. ಉಕ್ಕಿ ಬರುವ ಸಂಕಟವನ್ನು ಗಾಯ ಮಾಡಿಕೊಳ್ಳದೆ ನಿಭಾಯಿಸೋದು ಹೇಗೆ ಅಂತ ಅದರಲ್ಲಿ ಕಲಿಸುತ್ತಾರೆ. ಅದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಹರೆಯದಲ್ಲಿ ತಾವೂ ತಮಗೆ ಗಾಯ ಮಾಡಿಕೊಳ್ಳುತ್ತಿದ್ದೆವು ಅಂತ 2011ರಲ್ಲಿ ಅವರು ಎಲ್ಲರ ಮುಂದೆ ಹೇಳಿದರು. ನಿನ್ನ ಹಾಗೇ ಇದ್ದ ಒಬ್ಬ ಹುಡುಗಿ, ಯೋಚನೆ ಮಾಡು.

ಪೊಲೀಸರ ಭಯ ಬಿಡು. ನೀನು ಮಾಡುತ್ತಿರೋದು ಅಪರಾಧವಲ್ಲ. ಡಾಕ್ಟರ ಹತ್ತಿರ ಹೇಳಿದ್ದು ಗುಟ್ಟಾಗಿರಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿನಗೆ ಕೊಟ್ಟ ಹಕ್ಕು. ನಿನಗೆ 18 ದಾಟಿದೆ, ಅಪ್ಪ ಅಮ್ಮ ಬಂದು ಸಹಿ ಹಾಕಬೇಕು ಅಂತಿಲ್ಲ. ಜೀವಕ್ಕೇ ಅಪಾಯ ಅನಿಸಿದಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಡಾಕ್ಟರು ಬೇಕಾದಷ್ಟನ್ನು ಬೇರೆಯವರಿಗೆ ಹೇಳಬಹುದು. ಅಪ್ಪನಿಗೆ ಯಾವಾಗ ಹೇಳೋದು ಅನ್ನೋದನ್ನು ಚಿಕ್ಕಿ ಜೊತೆ ಕೂತು ಆಮೇಲೆ ಯೋಚಿಸಿ. ತೋಟದ ಕಷ್ಟದ ಮೇಲೆ ಮಗಳದ್ದೂ ಒಂದು ಹೊರೆ ಅಂತ ಅಪ್ಪ ಅಂದುಕೊಳ್ಳುತ್ತಾರೆ ಅಂತ ನನಗಂತೂ ಅನಿಸುವುದಿಲ್ಲ.

ಡಾಕ್ಟರ ಹತ್ತಿರ ಹೋಗೋವರೆಗೆ ಏನು ಮಾಡೋದು? ಮಾಡಿಕೊಳ್ಳಬೇಕು ಅನ್ನೋ ಒತ್ತಡ ಏರಿದ ಹಾಗೇ ಇಳಿಯುತ್ತದೆ, ಆ ಹೊತ್ತು ದಾಟಿಸಬೇಕು ಅಷ್ಟೇ. ಒಬ್ಬಳೇ ರೂಮಲ್ಲಿ ಇರಬೇಡ. ಎದ್ದು ಮುಖಕ್ಕೆ ತಣ್ಣೀರು ಹಾಕಿಕೋ, ಕಾರಿಡಾರಿನಲ್ಲಿ ಬಿರಬಿರನೆ ಓಡಾಡು, ಊಟದ ಹಾಲ್‌ಗೆ ಹೋಗಿ ನಾಲ್ಕು ಜನರ ನಡುವೆ ಕೂರು. ಗಾಯ ಮಾಡಿಕೊಳ್ಳೋಕೆ ಬಳಸೋದನ್ನು ಗೆಳತಿಯ ಕೈಗೆ ಕೊಟ್ಟುಬಿಡು, ರೂಮಲ್ಲಿ ಇಡಬೇಡ. ಒಂದು ದಿನ ತಡೆದು ಇನ್ನೊಂದು ದಿನ ತಡೆಯೋಕೆ ಆಗದಿದ್ದರೆ ಎಲ್ಲ ಮುಗೀತು ಅಂದುಕೊಳ್ಳಬೇಡ, ಬಿಟ್ಟವರೆಲ್ಲ ಒಂದೇ ಸಲಕ್ಕೆ ಬಿಟ್ಟವರಲ್ಲ.

ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ದುಡ್ಡು ಹೋಗಲ್ಲ, 24 ಗಂಟೆ ಇರುತ್ತದೆ, ಭಾಷೆ ಆರಿಸು ಅಂದಾಗ ಕನ್ನಡ ಆರಿಸಿಕೋ. ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗದಿದ್ದರೆ ನನಗೆ ಬರೆದ ಪತ್ರವನ್ನೇ ಓದಿ ಹೇಳು. ಸಾಯಬೇಕು ಅನ್ನೋ ಯೋಚನೆ ಬಂದರೆ, ಇಲ್ಲವೇ ರಕ್ತ ನಿಲ್ಲದಿದ್ದರೆ, ಬೆಳಗಾಗಲಿ ಅಂತ ಕಾಯಲೇಬೇಡ. ಗೆಳತಿಯನ್ನು ಎಬ್ಬಿಸು, ವಾರ್ಡನ್‌ಗೆ ಹೇಳು, 112ಕ್ಕೆ ಫೋನ್ ಮಾಡಿ, ಇಲ್ಲವೇ ಸೀದಾ ಮೆಗ್ಗಾನ್ ಎಮರ್ಜೆನ್ಸಿಗೆ ಹೋಗಿ. ಪರೀಕ್ಷೆ ಮುಗಿಯಲಿ ಅಂತಲೂ ಮುಂದಕ್ಕೆ ಹಾಕಬೇಡ. ಈ ಭಾನುವಾರವೇ ಚಿಕ್ಕಿಗೆ ಹೇಳು, ಆಗಿದ್ದನ್ನು ನನಗೂ ಬರೆ.