ಹಡಗಿನ ಹಳೆಯ ದಾಖಲೆಗಳಲ್ಲಿ ಬರುವ 'ಫ್ಯಾದಮ್' ಅಂದರೆ ಎಷ್ಟು? ಅದನ್ನು ಹೇಗೆ ಅಳೆಯುತ್ತಿದ್ದರು?
ಒಂದು ಫ್ಯಾದಮ್ ಅಂದರೆ 6 ಅಡಿ, ಸುಮಾರು 1.83 ಮೀಟರ್. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಚಾಚಿದ ಎರಡು ತೋಳು ಎಂಬ ಅರ್ಥವಿತ್ತು. ನಮ್ಮ 'ಮಾರು' ಕೂಡ ಅದೇ ಅಳತೆ. ಹಾಗಾಗಿ ಕನ್ನಡಕ್ಕೆ ತರುವಾಗ ಮಾರು ಎಂದೇ ಬರೆಯುವುದು ಸೊಗಸು.

ಬ್ರಿಟಿಷ್ ಹಡಗುಗಳಲ್ಲಿ ಆಳ ನೋಡಲು 3ರಿಂದ 6 ಕಿಲೋ ತೂಕದ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ಹಗ್ಗದಲ್ಲಿ 2 ಮಾರಿಗೆ ಎರಡು ಸೀಳಿನ ಚರ್ಮ, 3ಕ್ಕೆ ಮೂರು ಸೀಳು, 5ಕ್ಕೆ ಬಿಳಿ ಬಟ್ಟೆ, 7ಕ್ಕೆ ಕೆಂಪು, 10ಕ್ಕೆ ತೂತಿರುವ ಚರ್ಮ. ಬಟ್ಟೆಗಳ ನೇಯ್ಗೆಯೂ ಬೇರೆ ಬೇರೆ: ಕತ್ತಲಲ್ಲಿ ಬಣ್ಣ ಕಾಣದಿದ್ದರೂ ಬೆರಳಿಗೆ ಗುರುತು ಸಿಗಬೇಕಲ್ಲ! ಗುಂಡಿನ ತಳದ ಕುಳಿಗೆ ಪ್ರಾಣಿಕೊಬ್ಬು ಮೆತ್ತುತ್ತಿದ್ದರು. ಅದಕ್ಕೆ ಅಂಟಿ ಬಂದದ್ದು ಮರಳೋ ಕೆಸರೋ ಎಂಬುದರಿಂದ ಲಂಗರು ಕಚ್ಚುತ್ತದೆಯೇ ಎಂದು ಅಂದಾಜಾಗುತ್ತಿತ್ತು.

ತಪ್ಪುತ್ತಿದ್ದುದು ಮುಖ್ಯವಾಗಿ ಎರಡು ಕಡೆ. ಹಗ್ಗ ಓರೆಯಾದರೆ ಆಳ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ಹಡಗು ನೆಲ ಬಡಿಯುತ್ತದೆ. ಅದಕ್ಕೇ ಗುಂಡನ್ನು ಮುಂದಕ್ಕೆ ಬೀಸಿ ಎಸೆದು, ಹಡಗು ಅದರ ನೇರಕ್ಕೆ ಬಂದಾಗ ಓದಬೇಕು. ಇನ್ನೊಂದು, ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ. ಗುರುತುಗಳನ್ನು ಒದ್ದೆ ಹಗ್ಗದ ಮೇಲೆಯೇ ಅಳೆದು ಕಟ್ಟಬೇಕು.