ಹಳೆಯ ತುರ್ಕಿ ಬುಡಕಟ್ಟುಗಳು ಬರೀ ಲೂಟಿಕೋರರಾ?

ಮಧ್ಯ ಏಷ್ಯಾದ ಹಳೆಯ ತುರ್ಕರು ದಾಳಿ, ಲೂಟಿ ಬಿಟ್ಟು ಬೇರೇನಾದರೂ ಮಾಡಿದ್ದರಾ ಅಂತ ಕೇಳಿದ್ದೀರಿ. ಲೂಟಿ ಮಾಡಿದ್ದು ನಿಜ. ಆದರೆ ಅವರ ದೊಡ್ಡ ಕೆಲಸ ವ್ಯಾಪಾರದ್ದು ಅಂತ ನನ್ನ ಅಭಿಪ್ರಾಯ.

ಮೊದಲು ಟರ್ಕಿ ದೇಶವನ್ನು ತಲೆಯಿಂದ ತೆಗೆದುಬಿಡಿ. ತುರ್ಕರು ಅತ್ತ ಹೋಗಿ ನೆಲೆಸಿದ್ದು 11ನೇ ಶತಮಾನದಲ್ಲಿ. ಕಥೆ ಶುರುವಾಗುವುದು ಅಲ್ತಾಯ್ ಬೆಟ್ಟಗಳ ಕಡೆ. ಅಲ್ಲಿ ಅಶಿನಾ ಎಂಬ ತುರ್ಕಿ ಕುಲದವರು, ಮಂಗೋಲಿಯಾದ ಹುಲ್ಲುಗಾವಲನ್ನು ಆಳುತ್ತಿದ್ದ ರೌರಾನ್ ದೊರೆಗಳ ಕೈಕೆಳಗೆ ಕಬ್ಬಿಣದ ಕೆಲಸ ಮಾಡಿಕೊಂಡಿದ್ದರು. ಅವರ ನಾಯಕ ಬುಮಿನ್ ದೊರೆಯ ಮನೆಯ ಹೆಣ್ಣು ಕೇಳಿದ. 'ನೀನು ನಮ್ಮ ಕುಲುಮೆಯ ಆಳು' ಅಂತ ಬೈಸಿಕೊಂಡ ಎಂದು ಚೀನಾದ ಇತಿಹಾಸಗಳು ಹೇಳುತ್ತವೆ. 552ರಲ್ಲಿ ಅದೇ ಬುಮಿನ್ ರೌರಾನರನ್ನು ಸೋಲಿಸಿ ತಾನೇ ಕಗನ್ ಆದ, ಅಂದರೆ ದೊರೆಗಳಿಗೆ ದೊರೆ. ಸ್ವಲ್ಪ ಕಾಲಕ್ಕೇ ತೀರಿಕೊಂಡ.

ನನಗೆ ಜಾಸ್ತಿ ಇಷ್ಟವಾಗುವವನು ಪಶ್ಚಿಮಕ್ಕೆ ಹೊರಟ ಅವನ ತಮ್ಮ ಇಸ್ತೆಮಿ. ಪರ್ಷಿಯಾದ ದೊರೆ ಒಂದನೇ ಖುಸ್ರೋ ಜೊತೆ ಸೇರಿ, ಮಧ್ಯ ಏಷ್ಯಾದಲ್ಲಿ ಆಳುತ್ತಿದ್ದ ಹೆಫ್ತಲೈಟರನ್ನು ಮುರಿದ. ಸಮರ್ಕಂದ್ ಸುತ್ತಲಿನ ಸೊಗ್ಡಿಯನ್ ವ್ಯಾಪಾರಿಗಳು ಅವನ ಆಳ್ವಿಕೆಗೆ ಬಂದರು. ಉತ್ತರ ಚೀನಾದ ರಾಜರು ತುರ್ಕರಿಗೆ ಹೆದರಿ ರೇಷ್ಮೆ ಕಳಿಸುತ್ತಿದ್ದರು. ಅಷ್ಟು ರೇಷ್ಮೆ ಇಟ್ಟುಕೊಂಡು ಏನು ಮಾಡೋದು? ಮಾರಬೇಕಲ್ವಾ! ಸೊಗ್ಡಿಯನ್ನರು ಪರ್ಷಿಯಾಕ್ಕೆ ತೆಗೆದುಕೊಂಡು ಹೋದರು. ಖುಸ್ರೋ ಅಷ್ಟನ್ನೂ ದುಡ್ಡು ಕೊಟ್ಟು ಕೊಂಡು, ಅವರ ಕಣ್ಣೆದುರೇ ಸುಡಿಸಿದ. ನಿಮ್ಮ ವ್ಯಾಪಾರ ಇಲ್ಲಿ ಬೇಡ ಅನ್ನೋದಕ್ಕೆ ಇಷ್ಟು ದುಬಾರಿ ದಾರಿ ಹಿಡಿದವರು ಕಮ್ಮಿ. ಆಮೇಲೆ ಮನಿಯಾಖ್ ಎಂಬ ಸೊಗ್ಡಿಯನ್ ಪರ್ಷಿಯಾದ ಸಹವಾಸವೇ ಬೇಡವೆಂದು ಕಾಕಸಸ್ ದಾಟಿ, 568ರ ಸುಮಾರಿಗೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ತಲುಪಿದ. ಮರುವರ್ಷ ಅಲ್ಲಿಂದಲೂ ರಾಯಭಾರಿ ತುರ್ಕರ ಕಡೆ ಹೊರಟ.

ಮುಂದೆ ಒಳಜಗಳ ಹೆಚ್ಚಿ ರಾಜ್ಯ ಪೂರ್ವ, ಪಶ್ಚಿಮ ಅಂತ ಒಡೆಯಿತು. ಆದರೂ ಆ ದಾರಿಗಳಲ್ಲಿ ಓಡಾಟ ನಡೆಯುತ್ತಲೇ ಇತ್ತು. ಇಮ್ಮಡಿ ಪುಲಿಕೇಶಿಯ ನಾಡಿನ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಗೊತ್ತಲ್ವಾ? ಭಾರತಕ್ಕೆ ಬರುವಾಗ ಈಗಿನ ಕಿರ್ಗಿಸ್ತಾನದ ಸುಯಾಬ್‌ನಲ್ಲಿ ಪಶ್ಚಿಮ ತುರ್ಕರ ಕಗನ್‌ನನ್ನು ಕಂಡಿದ್ದ. ಮುಂದಿನ ಪಯಣಕ್ಕೆ ಆ ಕಗನ್ನನೇ ಪತ್ರಗಳನ್ನು ಕೊಟ್ಟು ಕಳಿಸಿದ. 630ರಲ್ಲಿ ಪೂರ್ವದ ರಾಜ್ಯವನ್ನು, 657ರಲ್ಲಿ ಪಶ್ಚಿಮದ್ದನ್ನು ಚೀನಾದ ತಾಂಗ್ ಸೇನೆ ಮುಗಿಸಿತು.

ಹಾಗಾದರೆ ಲೂಟಿಕೋರರು ಅನ್ನುವ ಹೆಸರು ಯಾಕೆ ಅಂಟಿತು? ಅವರ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಅವರಿಂದ ಪೆಟ್ಟು ತಿಂದ ನೆರೆಯವರು. ತುರ್ಕರದೇ ಮಾತು ಕೇಳಬೇಕಾದರೆ ಮಂಗೋಲಿಯಾದ ಓರ್ಖೋನ್ ಕಣಿವೆಯ ಶಾಸನಗಳಿವೆ. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸೆನ್ 1893ರಲ್ಲಿ ಆ ಲಿಪಿಯನ್ನು ಬಿಡಿಸಿದರು. 682ರಲ್ಲಿ ಮತ್ತೆ ಕಟ್ಟಿದ ರಾಜ್ಯದ ದೊರೆ ಬಿಲ್ಗೆ ಕಗನ್, ತನ್ನ ತಮ್ಮ ಕುಲ್ ತಿಗಿನ್ ಸತ್ತಾಗ ಹಾಕಿಸಿದ ಕಲ್ಲೂ ಅದರಲ್ಲಿದೆ. ಚೀನಾದವರ ಸವಿಮಾತಿಗೂ ಮೆತ್ತನೆ ರೇಷ್ಮೆಗೂ ಮರುಳಾಗಿ ಹಾಳಾಗಬೇಡಿ ಅಂತ ಅವನು ತನ್ನ ಜನಕ್ಕೆ ಅದರಲ್ಲಿ ಬೈದಿದ್ದಾನೆ.